ಗೋಡೆಗೆ ಮುಖ ಮಾಡಿ ನಿಂತವಳು

ಅಂಗಡಿಯವನು ಗಾಜಿನ ಮೇಜಿನ ಮೇಲೆ ಮೂರು ಡಬ್ಬಿಗಳನ್ನಿಟ್ಟು ಒಂದೊಂದರದೇ ಗುಣಗಾನ ಶುರುಮಾಡಿದ. ಇದರಲ್ಲಿ ಚಿತ್ರ ಕನ್ನಡಿಯ ಹಾಗೆ ಬರುತ್ತದೆ, ಇದು ಬಾಯಲ್ಲಿ ಹೇಳಿದ್ದನ್ನು ಹುಡುಕಿಕೊಡುತ್ತದೆ, ಇನ್ನೊಂದು ಬಡವರ ಪಾಲಿನದು. ಯಾವುದೇ ಆಗಲಿ, ಒಳಗಿನ ಕಡ್ಡಿಯನ್ನು ಟಿವಿಯ ಬೆನ್ನಿಗೆ ಸಿಕ್ಕಿಸಿದರಾಯಿತು, ಹಳೇ ಟಿವಿಯಲ್ಲೂ ಇಂಟರ್ನೆಟ್ಟಿನ ಸಿನಿಮಾ, ಧಾರಾವಾಹಿ ಎಲ್ಲ ನೋಡಬಹುದು. ಸೊಸೆ ಬೆಲೆಯ ಚೀಟಿಗಳನ್ನು ತಿರುಗಿಸಿ ನೋಡುತ್ತಿದ್ದಳು. ಅತ್ತೆ ಕೈ ಚಾಚಿ, “ಡಬ್ಬಿ ಕಟ್ಕೊಂಡು ನಾನೇನ್ ಮಾಡ್ಲಿ? ರಿಮೋಟ್ ಕೊಡಪ್ಪ,” ಅಂದರು.

ಅತ್ತೆಗೆ ಕಣ್ಣು ಹೋಗಿತ್ತು. ಕಣ್ಣಿನ ಒತ್ತಡದ ಕಾಯಿಲೆ. ಅಂಚಿನಿಂದ ಕತ್ತಲು ಕವಿಯುತ್ತ ಬಂದು, ಮಗನ ಮದುವೆಯ ಹೊತ್ತಿಗೆ ನಡುವೆ ಉಳಿದಿದ್ದ ಚೂರು ಬೆಳಕೂ ಆರಿಹೋಗಿತ್ತು. ಹಾಗಾಗಿ ಸೊಸೆಯ ಮುಖವನ್ನು ಅವರು ನೋಡಿದ್ದೇ ಇಲ್ಲ. ಕಣ್ಣಿದ್ದಾಗ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. ಯಾರ ದನಿಯನ್ನೂ ಮರೆತವರಲ್ಲ, ಯಾರ ಮಾತಿಗೂ ಸೋತವರಲ್ಲ.

ಮೂರೂ ರಿಮೋಟುಗಳ ಮೇಲೆ ಬೆರಳಾಡಿಸಿದರು. “ಇದು ಸಾಬೂನಿನ ಹಾಗಿದೆ, ಜಾರುತ್ತೆ.” ಎರಡನೆಯದರ ಗುಂಡಿಗಳೆಲ್ಲ ಒಂದೇ ಅಳತೆ, ಒಂದೇ ಮಟ್ಟ. “ಇದು ಹಲ್ಲಿಲ್ಲದ ಬಾಯಿ. ಎಲ್ಲಿ ಏನಿದೆ ಗೊತ್ತಾಗಲ್ಲ.” ಮೂರನೆಯದರಲ್ಲಿ ಒಂದು ಗುಂಡಿ ದುಂಡಗೆ, ಒಂದು ಚೌಕ, ಒಂದರ ನೆತ್ತಿಯ ಮೇಲೆ ಸಣ್ಣ ಉಬ್ಬು. ಅತ್ತೆಯ ಹೆಬ್ಬೆರಳು ಅಲ್ಲೇ ನಿಂತಿತು.

“ಅಮ್ಮ, ಅದು ಎಲ್ಲಕ್ಕಿಂತ ಅಗ್ಗದ್ದು. ಹೆಸರೇ ಕೇಳದ ಕಂಪನಿ,” ಅಂದ ಅಂಗಡಿಯವನು. ಒಂದು ಕ್ಷಣ ಬಿಟ್ಟು, ಮನಸ್ಸು ತಡೆಯದೆ, “ಆದ್ರೆ ಇದರಲ್ಲಿ ಕಣ್ಣು ಕಾಣದವರಿಗೆ ವಿವರಣೆ ಬರುತ್ತೆ. ಮಾತುಗಳ ನಡುವೆ, ತೆರೆ ಮೇಲೆ ಏನೇನಾಗ್ತಿದೆ ಅಂತ ಒಂದು ದನಿ ಹೇಳ್ತಾ ಹೋಗುತ್ತೆ,” ಎಂದು ಸೇರಿಸಿದ.

“ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ. ಇದನ್ನೇ ಕೊಡು,” ಅಂದರು ಅತ್ತೆ.

ಸಂಜೆ ಮಗ ಅದನ್ನು ಟಿವಿಗೆ ಜೋಡಿಸಿದ. ಅವನದು ಲಿಫ್ಟ್ ರಿಪೇರಿಯ ಕೆಲಸ. ಊರಿನ ಎತ್ತರದ ಕಟ್ಟಡಗಳಲ್ಲಿ ಯಾರಾದರೂ ನಡುವೆ ಸಿಕ್ಕಿಕೊಂಡರೆ ಊಟದ ಮಧ್ಯದಿಂದಲೂ ಎದ್ದು ಓಡಬೇಕು. ಕಡ್ಡಿಯಂಥ ಆ ಸಾಮಾನನ್ನು ಹಿಂದುಮುಂದು ನೋಡಿ, “ತಯಾರಿಸಿದ್ದು ಎಲ್ಲಿ ಅಂತಾನೂ ಬರೆದಿಲ್ಲ,” ಅಂದ. ಆದರೆ ಚಿತ್ರ ಸರಿಯಾಗಿ ಬಂತು. ವಿವರಣೆಯ ದನಿಯೂ ಬಂತು. ಹೆಣ್ಣು ದನಿ. ಎಳೆಯದೂ ಅಲ್ಲ, ಮುದಿಯೂ ಅಲ್ಲ. ಅವಸರವಿಲ್ಲ. ‘ಮೀನುಗಾರ ದೋಣಿಯನ್ನು ದಡಕ್ಕೆ ಎಳೆಯುತ್ತಾನೆ. ಅವನ ಅಂಗಿ ತೊಯ್ದಿದೆ.’

ಅತ್ತೆ ಕಣ್ಣರಳಿಸಿ ಕೇಳಿದರು. ಕಾಣದ ಕಣ್ಣಿನಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂದಿತ್ತು.

ಆಮೇಲೆ ಮಧ್ಯಾಹ್ನಗಳೆಲ್ಲ ಹೀಗೇ ಕಳೆಯತೊಡಗಿದವು. ಹಜಾರದ ಒಂದು ಮೂಲೆಯಲ್ಲಿ ಸೊಸೆಯ ಹೊಲಿಗೆ ಯಂತ್ರ. ಬಟ್ಟೆ ಅಂಗಡಿಯವರು ಕಳಿಸುವ ಪ್ಯಾಂಟುಗಳ ಕಾಲು ಮಡಿಸುವುದು, ಕೋಟುಗಳ ಸೊಂಟ ಬಿಗಿ ಮಾಡುವುದು ಅವಳ ಕೆಲಸ. ಇನ್ನೊಂದು ಮೂಲೆಯ ಒರಗುಕುರ್ಚಿಯಲ್ಲಿ ಅತ್ತೆ. ನಡುವೆ ಟಿವಿ. ಅತ್ತೆಯ ಬಾಯಿಗೂ ಬಿಡುವಿಲ್ಲ. “ಯಂತ್ರಕ್ಕೆ ಎಣ್ಣೆ ಬಿಡು, ಕತ್ತೆ ಅರಚಿದ ಹಾಗೆ ಅರಚ್ತಿದೆ.” “ಚಹಾ ಬಿಸಿನೀರಾಗಿದೆ, ಎಲೆ ಏನು ಬಂಗಾರನಾ?” ಸೊಸೆ ಎದುರುತ್ತರ ಕೊಡುತ್ತಿರಲಿಲ್ಲ. ಬಾಯಿ ಸೊಟ್ಟಗೆ ಮಾಡಿ, ನಾಲಗೆ ಚಾಚಿ, ಅತ್ತೆಯನ್ನೇ ಅಣಕಿಸಿ ಸುಮ್ಮನಾಗುತ್ತಿದ್ದಳು. ಕಣ್ಣು ಕಾಣದ ಅತ್ತೆ ಇರುವುದರಲ್ಲಿ ಅಷ್ಟಾದರೂ ಲಾಭ ಇರಬೇಕಲ್ಲ. ಹಾಗೆ ಮಾಡಿದರೆ ಮನಸ್ಸೂ ಹಗುರ, ಮನೆಯೂ ಶಾಂತ.

ಒಂದು ದಿನ ಟಿವಿಯಲ್ಲಿ ಜಿಂಕೆಗಳ ಕಾರ್ಯಕ್ರಮ ಬರುತ್ತಿತ್ತು. ಅತ್ತೆ ಕೇಳಿದರು, “ಅಲ್ಲಾ, ಆ ಹೆಂಗಸು ಎಲ್ಲಾದ್ರಲ್ಲೂ ಯಾಕೆ ಬರ್ತಾಳೆ?”

“ಯಾವ ಹೆಂಗಸು ಅತ್ತೆ?”

“ಬೆನ್ನು ಹಾಕಿ ನಿಂತಿರ್ತಾಳಲ್ಲ, ಅವಳು. ನಿನ್ನೆ ಮೀನಿನ ಮಾರುಕಟ್ಟೇಲೂ ಇದ್ಲು, ಮೊನ್ನೆ ಕೋರ್ಟಿನ ಸಿನಿಮಾದಲ್ಲೂ ಇದ್ಲು.”

ಸೊಸೆ ಯಂತ್ರ ನಿಲ್ಲಿಸಿದಳು. ತೆರೆಯ ಮೇಲೆ ಬರೀ ಹುಲ್ಲುಗಾವಲು, ಒಂದು ಒಂಟಿ ಮರ. ದನಿ ಹೇಳಿತು: ‘ಜಿಂಕೆ ತಲೆಯೆತ್ತುತ್ತದೆ. ಮರದ ಹಿಂದೆ ಒಬ್ಬ ಹೆಂಗಸು ನಿಂತಿದ್ದಾಳೆ. ಅವಳ ಮುಖ ಕಾಣುವುದಿಲ್ಲ.’

“ಅಲ್ಲಿ ಯಾರೂ ಇಲ್ಲ ಅತ್ತೆ.”

“ಇಲ್ವಾ? ನಿಂಗೆ ಕಾಣಲ್ವಾ?” ಅತ್ತೆ ನಕ್ಕರು. “ನಾನೇ ಕುರುಡಿ ಅಂದ್ಕೊಂಡಿದ್ದೆ.”

ಅಂದಿನಿಂದ ಸೊಸೆ ತೆರೆಯ ಮೇಲೊಂದು ಕಣ್ಣಿಟ್ಟಳು. ಅಡುಗೆ ಕಾರ್ಯಕ್ರಮದಲ್ಲಿ ಬಾಣಸಿಗನೊಬ್ಬನೇ ಈರುಳ್ಳಿ ಹೆಚ್ಚುತ್ತಿದ್ದರೆ ದನಿ, ‘ಹಿಂದೆ, ಗೋಡೆಗೆ ಮುಖ ಮಾಡಿ ಹೆಂಗಸು ನಿಂತಿದ್ದಾಳೆ’ ಎನ್ನುತ್ತಿತ್ತು. ಗೋಡೆ ಖಾಲಿ. ವಾರ್ತೆಯ ನಡುವೆಯೂ ಒಮ್ಮೆ ಹಾಗೇ ಹೇಳಿತು. ವಾರ್ತೆಗೆ ಯಾರೂ ವಿವರಣೆ ಬರೆಯುವುದಿಲ್ಲವೆಂದು ಸೊಸೆಗೂ ಗೊತ್ತಿತ್ತು. ಅವಳ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿತು.

ಗಂಡ ಕೂತು ಕೇಳಿದ. ಅವನಿಗೂ ಕೇಳಿಸಿತು. “ಬೇರೆ ಯಾವುದೋ ಸಿನಿಮಾದ ವಿವರಣೆ ಇದಕ್ಕೆ ಬೆರೆತುಹೋಗಿದೆ. ಅಗ್ಗದ ಮಾಲು, ಇನ್ನೇನು!” ಅಂದ. ಅಂಗಡಿಗೆ ಫೋನ್ ಮಾಡಿದ. ಬೇರೆ ಯಾರೂ ದೂರು ಕೊಟ್ಟಿಲ್ಲ, ಬೇಕಿದ್ದರೆ ಬದಲಾಯಿಸಿಕೊಡುತ್ತೇನೆ ಅಂದನಂತೆ ಅಂಗಡಿಯವನು.

ಅತ್ತೆ ರಿಮೋಟನ್ನು ಎದೆಗವಚಿಕೊಂಡರು. “ಯಾರೂ ಮುಟ್ಬೇಡಿ. ಅವಳು ತಿರುಗ್ತಾ ಇದ್ದಾಳೆ.”

“ಏನು ಹಾಗಂದ್ರೆ?”

“ದಿನಾ ಸ್ವಲ್ಪ ಸ್ವಲ್ಪ. ನಿನ್ನೆ ಕಿವಿ ಕಾಣಿಸ್ತು ಅಂತು ಆ ದನಿ. ಇವತ್ತು ಕೆನ್ನೆ.”

ಮಗ ಹಣೆ ಚಚ್ಚಿಕೊಂಡು ಕೆಲಸಕ್ಕೆ ಹೋದ. ಸೊಸೆಗೆ ಮಾತ್ರ ಆ ಮನೆಯಲ್ಲಿ ಇರುವುದು ಕಷ್ಟವಾಯಿತು. ಟಿವಿ ಹಾಕಿದರೆ ಭಯ, ಆರಿಸಿದರೆ ಆ ಕಪ್ಪು ಗಾಜಿನಲ್ಲಿ ಹಜಾರವೆಲ್ಲ ಕಾಣುತ್ತದಲ್ಲ ಎಂಬ ಭಯ. ಅದಕ್ಕೊಂದು ಬಟ್ಟೆ ಹೊದಿಸೋಣವೆಂದರೆ ಗಂಡ ನಗುತ್ತಾನೆ.

ಅದು ನಡೆದದ್ದು ಬಿಸಿಲು ತುಂಬಿದ ಮಧ್ಯಾಹ್ನ. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸುತ್ತಿದ್ದರು. ತೆರೆಯ ಮೇಲೆ ಖಾಲಿ ರೈಲು ನಿಲ್ದಾಣ. ದನಿ ಎಂದಿನ ಹಾಗೆ ನಿಧಾನವಾಗಿ ಹೇಳಿತು: ‘ರೈಲು ಹೊರಟುಹೋಗಿದೆ. ಹೆಂಗಸು ಪೂರ್ತಿ ತಿರುಗಿದ್ದಾಳೆ. ಅವಳು ಇತ್ತ ನೋಡುತ್ತಾಳೆ. ನಡೆದು ಬರುತ್ತಾಳೆ.’ ಸೊಸೆ ಎದ್ದು ನಿಂತಳು. ದನಿ ಒಂದು ಉಸಿರು ತಡೆದು ಮುಂದುವರಿಯಿತು: ‘ಅವಳು ಚೌಕಟ್ಟಿನಿಂದ ಹೊರಗೆ ಹೋಗುತ್ತಾಳೆ.’

ಅಷ್ಟೆ. ಆಮೇಲೆ ಚಿತ್ರದಲ್ಲಿ ಮಳೆ ಶುರುವಾಯಿತು. ದನಿ ಮಳೆಯ ಬಗ್ಗೆ ಹೇಳಿತು.

ಮಾರನೆಯ ದಿನದಿಂದ ಹೆಂಗಸಿನ ಸುದ್ದಿಯೇ ಇಲ್ಲ. ಜಿಂಕೆ ಅಂದರೆ ಜಿಂಕೆ, ಗೋಡೆ ಅಂದರೆ ಗೋಡೆ. ಗಂಡ, “ನೋಡಿದ್ಯಾ, ತಾನೇ ಅಪ್‌ಡೇಟ್ ಆಗಿ ಸರಿಹೋಯ್ತು,” ಎಂದು ಬೀಗಿದ. ಸೊಸೆಗೂ ನಿರಾಳವಾಯಿತು. ಅತ್ತೆ ಮಾತ್ರ ಟಿವಿ ಹಾಕುವುದನ್ನೇ ಕಡಿಮೆ ಮಾಡಿದರು. ಸುಮ್ಮನೆ ಕುರ್ಚಿಯಲ್ಲಿ ಕೂತು, ತಲೆ ಒಂದು ಪಕ್ಕಕ್ಕೆ ವಾಲಿಸಿ, ಯಾರದೋ ಮಾತು ಕೇಳಿಸಿಕೊಳ್ಳುವವರ ಹಾಗೆ ಇರುತ್ತಿದ್ದರು.

ಒಂದು ಬೆಳಿಗ್ಗೆ ಅತ್ತೆ, “ಚಹಾ ತಣ್ಣಗಿದೆ,” ಅಂದರು. ಸೊಸೆ ಲೋಟ ವಾಪಸು ತೆಗೆದುಕೊಂಡು, ಅಭ್ಯಾಸಬಲದಿಂದ ಬಾಯಿ ಸೊಟ್ಟಗೆ ಮಾಡಿದಳು.

“ಬಾಯಿ ನೆಟ್ಟಗಿಟ್ಕೋ,” ಅಂದರು ಅತ್ತೆ. “ನಾಲಗೇನೂ ಒಳಗೆ ಹಾಕ್ಕೋ. ನೊಣ ಕೂತೀತು.”

ಸೊಸೆಯ ಕೈಯಿಂದ ಗಾಜಿನ ಲೋಟ ಜಾರಿ ಒಡೆಯಿತು.

“ಅತ್ತೆ, ನಿಮಗೆ... ಕಾಣಿಸ್ತಾ?”

“ನಂಗೆಲ್ಲಿ ಕಾಣುತ್ತೆ? ಅವಳು ಹೇಳ್ತಾಳೆ.” ಅತ್ತೆ ತಮ್ಮ ಕುರ್ಚಿಯ ಬಲಕ್ಕೆ, ಖಾಲಿ ಜಾಗದ ಕಡೆ ತಲೆಯಾಡಿಸಿದರು. “ಚೂರು ತುಳಿದೀಯ, ಹುಷಾರು. ಒಂದು ಮೇಜಿನ ಕೆಳಗೆ ಹೋಗಿದೆ.”

ಸೊಸೆ ಬಗ್ಗಿ ನೋಡಿದಳು. ಗಾಜಿನ ಚೂರು ಅಲ್ಲೇ ಇತ್ತು.

ಗಂಡನಿಗೆ ಹೇಳಿದರೆ, “ಅಮ್ಮನ ಕಿವಿ ನಿಂಗೊತ್ತಿಲ್ವಾ? ಚೂರು ಬಿದ್ದ ಸದ್ದಲ್ಲೇ ಎಲ್ಲಿ ಹೋಯ್ತು ಅಂತ ಹೇಳ್ತಾರೆ,” ಅಂದ. ಬಾಯಿ ಸೊಟ್ಟಗೆ ಮಾಡಿದರೆ ಯಾವ ಸದ್ದು ಬರುತ್ತದೆ ಎಂದು ಅವಳು ಕೇಳಲಿಲ್ಲ. ಕೇಳಿದರೆ ಬಾಯಿ ಸೊಟ್ಟಗೆ ಮಾಡಿದ್ದನ್ನು ಒಪ್ಪಿಕೊಂಡ ಹಾಗಾಗುತ್ತಿತ್ತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಅತ್ತೆಯ ಕಾಲ ಮತ್ತೆ ಬಂತು. ಕೂತಲ್ಲೇ ಎಲ್ಲ ತಿಳಿಯತೊಡಗಿತು. “ಆ ಬೂದು ಕೋಟಿಗೆ ಕಪ್ಪು ದಾರ ಹಾಕಿದೀಯ, ಬಿಚ್ಚು.” “ಕಿಟಕಿ ಹತ್ರ ನಿಂತು ಯಾಕೆ ಕಣ್ಣೊರೆಸ್ಕೊಳ್ತಿದೀಯ? ತವರಿನ ನೆನಪಾ? ಹೋಗಿ ಬಾ.” ಕೋಟಿನ ದಾರ ನಿಜಕ್ಕೂ ತಪ್ಪಿತ್ತು. ಕಣ್ಣೊರೆಸಿಕೊಂಡದ್ದೂ ನಿಜ. ಅತ್ತೆಯ ದನಿಯಲ್ಲಿ ಆಗೀಗ ಹಿಂದೆಂದೂ ಇಲ್ಲದ ಮೆದುವೂ ಇರುತ್ತಿತ್ತು. ಅದೇ ಸೊಸೆಗೆ ಹೆಚ್ಚು ತಾಳಲಾಗದ್ದು. ತನ್ನ ಮುಖ ತನ್ನದಾಗಿ ಉಳಿದಿಲ್ಲ ಅನ್ನಿಸುತ್ತಿತ್ತು. ಹೊಲಿಯುವಾಗ ಬೆನ್ನ ಹಿಂದೆ ತಣ್ಣಗೆ ಯಾರೋ ನಿಂತ ಹಾಗಾಗುತ್ತಿತ್ತು. ತಿರುಗಿದರೆ ಗೋಡೆ, ಕ್ಯಾಲೆಂಡರ್, ಇಸ್ತ್ರಿ ಮೇಜು.

“ಅವಳು ನೋಡೋಕೆ ಹೇಗಿದ್ದಾಳೆ ಅತ್ತೆ?” ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದಳು.

“ಎಲ್ಲಾನೂ ಹೇಳ್ತಾಳೆ, ಅದೊಂದನ್ನ ಹೇಳಲ್ಲ. ನಾನೂ ಕೇಳೋದು ಬಿಟ್ಟೆ. ಅವರವರ ಮರ್ಯಾದೆ ಅವರವರಿಗೆ.”

ಅತ್ತೆಯ ಕಣ್ಣಿಗೆ ಹೊಸ ಶಸ್ತ್ರಚಿಕಿತ್ಸೆಯೊಂದು ಬಂದಿದೆಯೆಂದು ವೈದ್ಯರು ಹೇಳಿದ್ದರು. ಅದರ ಪರೀಕ್ಷೆಗಳಿಗೆ ಮಗ ತಾಯಿಯನ್ನು ಕರೆದುಕೊಂಡು ಹೋದ. ಅತ್ತೆ ಹೊಸ ಸೀರೆ ಉಟ್ಟುಕೊಂಡು, ತಲೆ ಬಾಚಿಸಿಕೊಂಡು, “ಕಣ್ಣು ಬಂದ ದಿನ ಮೊದಲು ನಿನ್ನ ಸೊಟ್ಟ ಬಾಯಿ ನೋಡ್ಬೇಕು,” ಎಂದು ನಗುತ್ತ ಮೆಟ್ಟಿಲಿಳಿದರು.

ಸೊಸೆ ಒಬ್ಬಳೇ ಇದ್ದಾಗ ಗಂಡನ ಫೋನ್ ಬಂತು. ಆಸ್ಪತ್ರೆಯ ಮೊಗಸಾಲೆಯಿಂದ ಪಿಸುದನಿಯಲ್ಲಿ ಮಾತಾಡುತ್ತಿದ್ದ. “ಆಗಲ್ವಂತೆ. ನರವೇ ಸತ್ತುಹೋಗಿದೆಯಂತೆ. ಏನು ಮಾಡಿದ್ರೂ ಪ್ರಯೋಜನ ಇಲ್ಲ ಅಂದ್ರು. ಅಮ್ಮಂಗೆ ಈಗ್ಲೇ ಹೇಳೋದು ಬೇಡ. ರಿಪೋರ್ಟ್ ಬರ್ಬೇಕು ಅಂತಾನೇ ಹೇಳ್ತಿರೋಣ.”

ಫೋನಿಟ್ಟ ಮೇಲೆ ಅವಳು ಬಹಳ ಹೊತ್ತು ಅಲ್ಲೇ ಕೂತಿದ್ದಳು. ಬಾಯಲ್ಲಿ ಸುಳ್ಳು ಹೇಳಬಹುದು, ಮುಖದಲ್ಲಿ ಹೇಗೆ? ಅತ್ತೆಗೆ ಅವಳ ಮುಖವನ್ನು ಓದಿಹೇಳುವವಳು ಮನೆಯಲ್ಲೇ ಇದ್ದಳಲ್ಲ. ಕೊನೆಗೆ ಎದ್ದು, ಅತ್ತೆಯ ಕುರ್ಚಿಯ ಬಲಗಡೆಯ ಖಾಲಿ ಜಾಗಕ್ಕೆ ಎದುರಾಗಿ ನಿಂತಳು.

“ಇದೊಂದನ್ನ ಅವರಿಗೆ ಹೇಳ್ಬೇಡ,” ಅಂದಳು. “ನಿನ್ನ ಕಾಲಿಗೆ ಬೀಳ್ತೀನಿ.”

ಕ್ಯಾಲೆಂಡರಿನ ಹಾಳೆ ಗಾಳಿಯಿಲ್ಲದೆ ಒಮ್ಮೆ ಎದ್ದು ಮತ್ತೆ ಗೋಡೆಗೆ ಅಂಟಿಕೊಂಡಿತು.

ಅತ್ತೆ ಬಂದರು. ಕುರ್ಚಿಯಲ್ಲಿ ಕೂತು ದಾರಿಯ ಧೂಳನ್ನು ಬೈದರು, ವೈದ್ಯರ ತಣ್ಣನೆಯ ಬೆರಳುಗಳನ್ನು ಬೈದರು. ಮಗ, “ರಿಪೋರ್ಟ್ ಮುಂದಿನ ವಾರ,” ಅಂದ. ಅತ್ತೆ ಎಂದಿನಂತೆ ತಲೆ ವಾಲಿಸಿದರು. ಸೊಸೆ ಕುರ್ಚಿಯ ಬಲಗಡೆ ನೋಡಿದಳು. ಅತ್ತೆ ಇನ್ನಷ್ಟು ವಾಲಿಸಿದರು. ಕಾದರು. ಆಮೇಲೆ ನಿಧಾನಕ್ಕೆ ತಲೆ ನೆಟ್ಟಗೆ ಮಾಡಿಕೊಂಡು, “ಊಟಕ್ಕೆ ಹಾಕು,” ಅಂದರು. ಅಷ್ಟೇ ಅಂದರು.

ಮರುದಿನ ಸೊಸೆ ಯಂತ್ರದ ಮುಂದೆ ಕೂತು ಕೋಟಿನ ಅಸ್ತರು ಬಿಚ್ಚುತ್ತಿದ್ದಳು. ಬಾಯಲ್ಲಿ ಗುಂಡುಸೂಜಿ. ಮನೆಯಲ್ಲಿ ಸದ್ದಿರಲಿಲ್ಲ. ಆಗ ಎಡಗಿವಿಯ ಪಕ್ಕದಲ್ಲೇ, ಕೂದಲು ಅಲುಗುವಷ್ಟು ಹತ್ತಿರದಲ್ಲಿ, ಅದೇ ದನಿ, ಅದೇ ನಿಧಾನ:

‘ಅತ್ತೆ ಅಡುಗೆಮನೆಯಲ್ಲಿ ನಿಂತಿದ್ದಾರೆ. ಅವರು ನಲ್ಲಿ ತಿರುಗಿಸುತ್ತಾರೆ. ಅಳುವುದು ಯಾರಿಗೂ ಕೇಳಿಸಬಾರದೆಂದು.’

ಅವಳು ಚೀರಬೇಕೆಂದರೆ ಬಾಯಲ್ಲಿ ಸೂಜಿ. ಆ ಗಳಿಗೆಗೇ ಒಳಗೆ ನಲ್ಲಿಯ ನೀರು ಬೀಳುವ ಸದ್ದು ಶುರುವಾಯಿತು. ಅವಳು ಸೂಜಿ ತೆಗೆದಿಟ್ಟು, ತಿರುಗಿ ನೋಡದೆ, ನೇರ ಅಡುಗೆಮನೆಗೆ ಹೋದಳು. ಅತ್ತೆ ಕಟ್ಟೆ ಹಿಡಿದು ನಿಂತಿದ್ದರು. ಮುಖ ಒದ್ದೆಯಾಗಿತ್ತು.

“ಯಾರು ಹೇಳಿದ್ರು ನಿಮಗೆ?” ಎಂದಳು ಸೊಸೆ.

“ಯಾರೂ ಹೇಳ್ಲಿಲ್ಲ. ನಿನ್ನ ಮುಖ ಹೇಗಿದೆ ಅಂತ ನಿನ್ನೆ ಅವಳನ್ನ ಕೇಳ್ದೆ. ನೀನು ಕೂತದ್ದು, ಎದ್ದದ್ದು, ಲೋಟ ತೊಳೆದದ್ದು ಎಲ್ಲ ಹೇಳಿದ್ಲು. ಮುಖದ ಮಾತು ಬಂದಾಗ ಮಾತ್ರ ಬಾಯಿ ಕಟ್ಟಿತು. ಅಷ್ಟು ಸಾಲ್ದಾ?” ಅತ್ತೆ ಮೂಗೊರೆಸಿಕೊಂಡರು. “ನೀವಿಬ್ರೂ ಸೇರ್ಕೊಂಡ್ರಿ.”

ಸೊಸೆ ನಲ್ಲಿ ನಿಲ್ಲಿಸಿದಳು. ಅತ್ತೆಯ ಕೈಗಳನ್ನು ಹಿಡಿದು ತನ್ನ ಮುಖದ ಮೇಲೆ ಇಟ್ಟುಕೊಂಡಳು. ಆ ಬೆರಳುಗಳು ಹುಬ್ಬು, ಮೂಗು, ತುಟಿ ಎಂದು ಒಂದೊಂದನ್ನೇ ದಾಟುತ್ತ ಬಹಳ ಹೊತ್ತು ಓಡಾಡಿದವು. “ಇಷ್ಟು ಚಿಕ್ಕ ಗಲ್ಲ ಅಂತ ಅವಳು ಹೇಳಿರ್ಲಿಲ್ಲ,” ಅಂದರು ಅತ್ತೆ.

ಆ ಕಡ್ಡಿ ಈಗಲೂ ಟಿವಿಯ ಬೆನ್ನಿಗಿದೆ. ಸಂಜೆ ಮಗ ಅದರಲ್ಲಿ ಪಂದ್ಯ ನೋಡುತ್ತಾನೆ. ಹಗಲಲ್ಲಿ ಅದನ್ನು ಯಾರೂ ಹಾಕುವುದಿಲ್ಲ. ಆ ಮಾತನ್ನು ಅತ್ತೆ-ಸೊಸೆ ಅವನ ಮುಂದೆ ಎತ್ತುವುದೂ ಇಲ್ಲ. ಮೊನ್ನೆ ಅವನು ಕೆಲಸ ಬೇಗ ಮುಗಿಸಿ ಮಧ್ಯಾಹ್ನವೇ ಬಂದ. ಬಾಗಿಲಲ್ಲೇ ನಿಂತು ಇಬ್ಬರನ್ನೂ ನೋಡಿ, ಹಜಾರವನ್ನೆಲ್ಲ ನೋಡಿ, “ಯಾರು ಬಂದಿದಾರೆ?” ಎಂದು ಕೇಳಿದ.

“ಯಾರೂ ಇಲ್ವಲ್ಲ,” ಅಂದಳು ಸೊಸೆ.

“ಮೆಟ್ಟಿಲು ಹತ್ತುವಾಗ ಮೂರು ಜನ ನಕ್ಕಿದ್ದು ಕೇಳಿಸ್ತು.”

ಸೊಸೆ ಬಟ್ಟೆಯ ಮೇಲೆ ಬಗ್ಗಿದಳು.

“ಟಿವಿ ಇರ್ಬೇಕು,” ಅಂದರು ಅತ್ತೆ.

ಅವನು ಟಿವಿಯ ಕಡೆ ನೋಡಿದ. ಅದು ಆರಿತ್ತು.