ಊರಿನವರೆಲ್ಲ ಕೂರುತ್ತಿದ್ದ ಜಗಲಿ

ನನಗೆ ಜಗಲಿಯ ಹುಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಗಿದ್ದಕ್ಕೆಲ್ಲ ಅದೇ ಮೂಲ.

ಅರಸೀಕೆರೆಯ ಬಿ.ಎಚ್. ರಸ್ತೆಯಲ್ಲಿ ಒಂದು ಔಷಧಿ ಅಂಗಡಿಯ ಮೇಲೆ ನನ್ನ ಆಫೀಸಿದೆ. ಹೊರಗೆ 'ಅರುಣಾ, ಆರ್ಕಿಟೆಕ್ಟ್' ಎಂಬ ಬೋರ್ಡು. ಹನ್ನೆರಡು ವರ್ಷದಲ್ಲಿ ನಲವತ್ತು ಮನೆ, ಏಳೆಂಟು ಆಫೀಸು ಮಾಡಿದ್ದೇನೆ. ಮನೆಯ ಮುಖಕ್ಕೆ ಗಾಜು ಬಡಿದು, ಒಳಗಿನ ಸೀಲಿಂಗಿಗೆ ನೀಲಿ ದೀಪ ಬಿಡುವವರನ್ನು ಕಂಡರೆ ನನಗಾಗುವುದಿಲ್ಲ. ನನ್ನದು ಗಿಲಾವು ಬಳಿಯದ ಮಣ್ಣಿನ ಇಟ್ಟಿಗೆಯ ಗೋಡೆ, ಸೂರಿನಲ್ಲಿ ಬೆಳಕಿಂಡಿ, ಕೆಂಪು ಗಾರೆ ನೆಲ, ಹಾಲ್‌ಗೆ ತೆರೆದುಕೊಂಡ ಅಡುಗೆಮನೆ. ಇಷ್ಟರ ಮುಂದೆ ಒಂದು ಜಗಲಿ ಇರಲೇಬೇಕು. ದಂತವೈದ್ಯರ ಕ್ಲಿನಿಕ್ಕಿಗೂ ಜಗಲಿ ಕಟ್ಟಿಸಿದವಳು ನಾನು. "ಹಲ್ಲು ಕೀಳಿಸ್ಕಳಕ್ಕೆ ಬಂದೋರು ಜಗ್ಲಿ ಮೇಲೆ ಕೂತು ಹರಟೆ ಹೊಡೀತಾರಾ ಮೇಡಂ?" ಎಂದು ನನ್ನ ಮೇಸ್ತ್ರಿ ಪುಟ್ಟರಾಜು ಗೇಲಿ ಮಾಡಿದ್ದ. ಹೊಡೆಯುತ್ತಾರೆ, ಹೊಡೆಯಲಿ ಎಂದಿದ್ದೆ.

ಭೀಮರಾಜ್ ಬೇಲೂರಿನವರು, ಕಾಲೇಜಿನಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕರು. ಹೆಂಡತಿಯ ಹೆಸರು ಇಂದು, ನರ್ಸ್. ಹಳೇಬೀಡು ರಸ್ತೆಯಲ್ಲಿ ಅವರಿಗೊಂದು ಮೂವತ್ತು ನಲವತ್ತರ ಸೈಟಿತ್ತು. ಮೊದಲ ದಿನವೇ ಭೀಮರಾಜ್ ಹೇಳಿದರು: "ದೇವರ ಮನೆ ಬೇಡ ಮೇಡಂ. ಬುದ್ಧನ ಮೂರ್ತಿಗೆ, ಬಾಬಾಸಾಹೇಬರ ಫೋಟೋಗೆ ಹಾಲ್‌ನಲ್ಲೊಂದು ಗೂಡು ಸಾಕು. ಆದ್ರೆ ನಮ್ಮ ತಂದೆಗೆ ನೆಮ್ಮದಿಯಾಗಿ ಕೂರೋಕೆ ಒಂದು ಒಳ್ಳೇ ಜಾಗ ಬೇಕು. ಅಮ್ಮ ಹೋದಾಗಿನಿಂದ ನಮ್ಮ ಜೊತೇಲೇ ಇದಾರೆ. ಮೊದಲು ಬಾಣಾವರದ ಕಡೆ ಇದ್ದೋರು."

"ಬಾಣಾವರವಾ? ನಮ್ಮಜ್ಜನ ಊರೂ ಅಲ್ಲೇ ಪಕ್ಕ!" ಎಂದು ನಾನು ಖುಷಿಪಟ್ಟೆ. ಯಾವ ಊರು, ಅಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಲಿಲ್ಲ. ಜಾತಿಗೀತಿ ನನಗಿಲ್ಲ ಎಂದು ನಾನೇ ನನಗೆ ಸರ್ಟಿಫಿಕೇಟು ಕೊಟ್ಟುಕೊಂಡಿದ್ದೆ. ಇಂಥವರ ಮನೆ ನಾನು ಕಟ್ಟಿಕೊಡುತ್ತಿದ್ದೇನೆ ಎಂಬ ಹೆಮ್ಮೆ ಬೇರೆ. ಆ ಹೆಮ್ಮೆಯನ್ನು ಈಗ ನೆನೆದರೆ ಮೈ ಹಿಡಿಯಷ್ಟಾಗುತ್ತದೆ.

ಆ ವರ್ಷವೇ ನಮ್ಮ ದೊಡ್ಡಪ್ಪ ಅಜ್ಜನ ಮನೆ ಕೆಡವಿಸಿದ್ದರು. ಜಗಲಿಯ ಎರಡು ಹಲಸಿನ ಕಂಬಗಳನ್ನು ಕೊಬ್ಬರಿ ಉಗ್ರಾಣದಲ್ಲಿ ಹಾಕಿಟ್ಟಿದ್ದರು. ಒಂದೊಂದರ ತಲೆಯ ಮೇಲೂ ಒಂದು ಗಿಣಿಯ ಕೆತ್ತನೆ, ಒಂದು ಗಿಣಿಗೆ ಕೊಕ್ಕು ಮುರಿದಿತ್ತು. ನಾನು ಅವನ್ನು ಲಾರಿಗೆ ಹಾಕಿಸಿ, ಉಜ್ಜಿಸಿ, ಎಣ್ಣೆ ಕುಡಿಸಿ, ಭೀಮರಾಜ್ ಮನೆಯ ಜಗಲಿಗೆ ನಿಲ್ಲಿಸಿದೆ. ನನ್ನ ಕಡೆಯಿಂದ ಉಡುಗೊರೆ ಎಂದೆ. ಲಾರಿಯಿಂದ ಇಳಿಸುವಾಗ ಭೀಮರಾಜರ ತಂದೆ ಸಣ್ಣಯ್ಯ ಗೇಟು ಹಿಡಿದು ನಿಂತಿದ್ದರು. ಹತ್ತಿರ ಬಂದು ಕೊಕ್ಕು ಮುರಿದ ಗಿಣಿಯನ್ನು ಮುಟ್ಟಿದರು, ಕೂಡಲೇ ಕೈ ಹಿಂದಕ್ಕೆ ತೆಗೆದರು.

"ಚೆನ್ನಾಗಿದಾವಾ?" ಎಂದು ಕೇಳಿದೆ.

"ಗಟ್ಟಿ ಮರ ಕಣವ್ವಾ," ಎಂದರು. ಅಷ್ಟೇ.

ಗೃಹಪ್ರವೇಶಕ್ಕೆ ಭಂತೇಜಿ ಬಂದು ಬುದ್ಧವಂದನೆ ಮಾಡಿಸಿದರು. ಬಂದವರೆಲ್ಲ ಜಗಲಿಯ ಮೇಲೆ ಕೂತು ಫೋಟೋ ತೆಗೆಸಿಕೊಂಡರು. ನಾನು ಆ ಮನೆಯನ್ನು ಬೆಂಗಳೂರಿನವರು ಕೊಡುವ ಒಂದು ವಿನ್ಯಾಸ ಪ್ರಶಸ್ತಿಗೆ ಕಳಿಸಿದೆ. ಜೊತೆಗೆ ಒಂದು ಟಿಪ್ಪಣಿ ಬರೆಯಬೇಕಿತ್ತು. ಒಂದೇ ಏಟಿಗೆ ಬರೆದೆ: 'ನಮ್ಮಜ್ಜನ ಮನೆಯ ಜಗಲಿಯಲ್ಲಿ ಊರಿನವರೆಲ್ಲ ಕೂರುತ್ತಿದ್ದರು. ಯಾರು ಬೇಕಾದರೂ ಬಂದು, ನೀರು ಕುಡಿದು, ದಣಿವಾರಿಸಿಕೊಂಡು ಹೋಗಬಹುದಿತ್ತು. ಆ ಜಗಲಿಯನ್ನು ನಾನು ಈ ಮನೆಗೆ ತಂದಿದ್ದೇನೆ.' ಓದಿಕೊಂಡಾಗ ನನಗೇ ಕಣ್ಣು ತುಂಬಿ ಬಂದವು. ಅಂತಿಮ ಸುತ್ತಿಗೆ ಆರಿಸಿದ ಐದು ಮನೆಗಳಲ್ಲಿ ನಮ್ಮದೂ ಒಂದಾಯಿತು.

ತಿಂಗಳ ಮೇಲೆ ಇಂದು ಫೋನ್ ಮಾಡಿದಳು. ಅಷ್ಟರಲ್ಲಿ ನಮ್ಮಿಬ್ಬರಿಗೂ ಸಲಿಗೆಯಾಗಿತ್ತು.

"ಮೇಡಂ, ನಮ್ಮ ಮಾವ ಮುಂಬಾಗಿಲಲ್ಲಿ ಬರ್ತಾನೇ ಇಲ್ಲ. ಪಕ್ಕದ ಸಂದೀಲಿ ಹೋಗಿ, ಬಟ್ಟೆ ಒಗೆಯೋ ಕಲ್ಲಿನ ಹತ್ರದ ಬಾಗಿಲಿಂದ ಒಳಗೆ ಬರ್ತಾರೆ. ಜಗಲಿ ಮೇಲೆ ಒಂದು ದಿನಾನೂ ಕೂತಿಲ್ಲ. ಕೇಳಿದ್ರೆ ಮಂಡಿ ನೋವು ಅಂತಾರೆ. ಮೊನ್ನೆ ಆ ಸಂದೀಲಿ ಜಾರಿ ಬಿದ್ದು ಮೊಣಕೈ ತರಚಿಕೊಂಡ್ರು. ವಾಪಸ್ ಊರಿಗೇ ಹೋಗ್ಬಿಡ್ತೀನಿ ಅಂತ ಬೇರೆ ಶುರು ಮಾಡಿದಾರೆ. ಇವರಂತೂ ಅಪ್ಪನಿಗೋಸ್ಕರ ಕಟ್ಟಿಸಿದ ಮನೆ ಅಪ್ಪನಿಗೇ ಬೇಡವಾಯ್ತಲ್ಲ ಅಂತ ಊಟ ಬಿಟ್ಟಿದಾರೆ."

ನನಗೆ ರೇಗಿತು. ಮೆಟ್ಟಿಲಿನಲ್ಲಿ ಏನೋ ತಪ್ಪಾಗಿದೆ ಎಂದುಕೊಂಡೆ. ನನ್ನ ತಪ್ಪು ಇದ್ದರೆ ಅಳತೆಯಲ್ಲಿ ಇರಬಹುದು, ಬೇರೆಲ್ಲಿ ಇರಲು ಸಾಧ್ಯ? ಮಾರನೆಯ ದಿನ ಟೇಪು ಹಿಡಿದುಕೊಂಡು, ಪುಟ್ಟರಾಜುವನ್ನು ಕರೆದುಕೊಂಡು, ಜಾವಗಲ್ ಮೇಲೆ ಬೇಲೂರಿಗೆ ಹೋದೆ. ಮೂರು ಮೆಟ್ಟಿಲು, ಒಂದೊಂದು ಆರಿಂಚು. ಅದರ ಪಕ್ಕಕ್ಕೆ ಇಳಿಜಾರು ಹಾಕಿಸಿದೆ, ಹಿಡಿದುಕೊಳ್ಳಲು ಸ್ಟೀಲಿನ ಕಂಬಿ ಕೂರಿಸಿದೆ.

ಪುಟ್ಟರಾಜು ಸಿಮೆಂಟು ಕಲಸುತ್ತಾ ಗೊಣಗಿದ: "ಮೆಟ್ಲಲ್ಲಿ ಏನೂ ತಪ್ಪಿಲ್ಲ ಮೇಡಂ. ಆ ಯಪ್ಪ ದಿನಾ ಬಸ್ ಹತ್ತಿ ಪ್ಯಾಟೆಗೆ ಹೋಗ್ಬತ್ತಾನೆ. ಬಸ್ಸಿನ ಮೆಟ್ಲು ಇದ್ಕಿಂತ ಎತ್ರ ಐತೆ."

"ನಿನ್ನ ಕೆಲಸ ನೀನು ನೋಡು," ಎಂದು ಗದರಿದೆ.

ಇಳಿಜಾರು ಹಾಕಿಸಿದ ಮೇಲೂ ಸಣ್ಣಯ್ಯ ಸಂದಿಯಲ್ಲೇ ಓಡಾಡಿದರು.

ಹದಿನೈದು ದಿನ ಬಿಟ್ಟು ಒಂದು ಭಾನುವಾರ ನಾನು ಮತ್ತೆ ಹೋದೆ. ಮನೆಯ ಫೋಟೋಗೂ ನನ್ನ ಟಿಪ್ಪಣಿಗೂ ಚೌಕಟ್ಟು ಹಾಕಿಸಿಕೊಂಡಿದ್ದೆ. ಹಾಲ್‌ನಲ್ಲಿ ತೂಗುಹಾಕಲಿ, ಮುದುಕರಿಗೂ ಮನೆಯ ಮೇಲೆ ಅಭಿಮಾನ ಬರಲಿ ಎಂಬ ಲೆಕ್ಕ. ಭೀಮರಾಜ್ ಮೌಲ್ಯಮಾಪನಕ್ಕೆಂದು ಹಾಸನಕ್ಕೆ ಹೋಗಿದ್ದರು. ಸಣ್ಣಯ್ಯ ಅಂಗಳದಲ್ಲಿ, ಕಟ್ಟಡದ ಕೆಲಸದಲ್ಲಿ ಮಿಕ್ಕಿದ್ದ ಒಂದು ಸೈಜುಗಲ್ಲಿನ ಮೇಲೆ ಕೂತಿದ್ದರು. ಜಗಲಿ ಅಲ್ಲಿಂದ ಎರಡು ಮಾರು ದೂರ. ನಾನೂ ಇಂದುವೂ ಮೇಲೆ ಕೂತೆವು. ಇಂದು ಅವರಿಗೆ ಕೇಳಲೆಂದು ಟಿಪ್ಪಣಿಯನ್ನು ಗಟ್ಟಿಯಾಗಿ ಓದಿದಳು.

ಓದು ಮುಗಿದ ಮೇಲೆ ಸಣ್ಣಯ್ಯ ಕೇಳಿದರು: "ಯಾವ ಊರಿನೋರು ಅವ್ವಾ?"

ನನಗೆ ತಿಳಿಯಲಿಲ್ಲ. "ಅಂದ್ರೆ?"

"ಊರಿನೋರೆಲ್ಲ ಕೂರ್ತಿದ್ರು ಅಂತ ಬರ್ದಿದೀರಲ್ಲ, ಅದ್ಕೆ ಕೇಳ್ದೆ. ಆ ಕೊಕ್ಕು ಮುರ್ದಿರೋ ಗಿಣಿ ಕಂಬ ಐತಲ್ಲ, ಅದ್ರ ಬುಡ್ದಲ್ಲಿ ನಾನು ಹದ್ನೆಂಟು ವರ್ಷ ನಿಂತಿವ್ನಿ. ಬುಡ ಅಂದ್ರೆ ಮ್ಯಾಲಲ್ಲ, ಕೆಳಗೆ, ಅಂಗಳ್ದಲ್ಲಿ. ಕಾಯಿ ಸುಲ್ದು ಸುಲ್ದು ಬಾಯಾರ್ದಾಗ ಅಲ್ಲಿ ಬಂದು ನಿಂತ್ಕಂಡು 'ಅವ್ವಾ, ನೀರು' ಅಂತ ಕೂಗ್ಬೇಕಿತ್ತು. ಯಾರಾದ್ರೂ ಬಂದು ಮ್ಯಾಲಿಂದ ಹೊಯ್ಯೋರು, ಬೊಗಸೆಗೆ. ಕಂಬ ಲಾರಿಯಿಂದ ಇಳಿಸ್ದಾಗ್ಲೇ ಗುರ್ತು ಸಿಕ್ತು. ಮಗ ಅಷ್ಟು ಖುಷಿಯಾಗವ್ನೆ, ಯಾಕೆ ಹೇಳಾದು ಅಂತ ಸುಮ್ಕಿದ್ದೆ."

ಇಂದು ಚೌಕಟ್ಟನ್ನು ಮಗುಚಿ ಕೆಳಗಿಟ್ಟಳು.

"ಒಂದ್ಸಲ ನೀವೇ ಹೊಯ್ದಿದ್ರಿ," ಎಂದರು ಸಣ್ಣಯ್ಯ. "ಇಷ್ಟುದ್ದ ಇದ್ರಿ. ನಿಮ್ಮಜ್ಜಿ ಕಾಂತಮ್ಮೋರು ಚೊಂಬು ಕೊಟ್ಟು ಕಳ್ಸಿದ್ರು. ನಿಮ್ಗೆ ಹೊಯ್ಯಕ್ ಬರ್ದೆ ನನ್ ಮೈಯೆಲ್ಲ ನೆಂದೋಯ್ತು. ನೀವು ನಕ್ಕಿದ್ದೇ ನಕ್ಕಿದ್ದು. ನೆಪ್ಪಿಲ್ವೇನೋ."

ಇತ್ತು. ಚೆನ್ನಾಗಿ ನೆನಪಿತ್ತು. ನನ್ನ ಬಾಲ್ಯದ ಅತ್ಯಂತ ಸಂತೋಷದ ನೆನಪುಗಳಲ್ಲಿ ಅದೊಂದು. ಬೇಸಗೆ ರಜೆ, ಅಜ್ಜನ ಮನೆ, ಕೆಳಗೆ ಬಗ್ಗಿ ನಿಂತ ಒಬ್ಬ ಮನುಷ್ಯ, ನಾನು ನೀರು ಚೆಲ್ಲುವುದು, ಅವನ ಮೂಗಿನಿಂದೆಲ್ಲ ನೀರಿಳಿಯುವುದು, ಅವನೂ ನಗುವುದು. ಕಾಲೇಜಿನ ಗೆಳತಿಯರಿಗೆ ಎಷ್ಟೋ ಸಲ ಹೇಳಿದ್ದೇನೆ. ಆ ಮನುಷ್ಯನಿಗೆ ನಮ್ಮ ಮನೆಯಲ್ಲಿ 'ಸಣ್ಣ' ಎನ್ನುತ್ತಿದ್ದರು. ಏಳು ವರ್ಷದ ನಾನೂ "ಲೋ ಸಣ್ಣ, ಸರಿಯಾಗಿ ಹಿಡಿಯೋ" ಎಂದಿದ್ದೆ. ಅವರಿಗಾಗ ನಲವತ್ತು. ಬಸವ ಜಯಂತಿಯ ದಿನ ನಮ್ಮಜ್ಜ ಅದೇ ಜಗಲಿಯ ಮೇಲೆ ನಿಂತು ಸಮಾನತೆಯ ಭಾಷಣ ಮಾಡುತ್ತಿದ್ದರು, ಅದಕ್ಕೆ ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ಕೆಳಗೆ ನಿಂತವರು ಯಾಕೆ ಮೇಲೆ ಬರುವುದಿಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ. ಐದು ವರ್ಷ ವಾಸ್ತುಶಿಲ್ಪ ಓದಿದಾಗಲೂ ಹೊಳೆಯಲಿಲ್ಲ. ಅದೇ ಕಂಬಗಳನ್ನು ತಂದು ಅದೇ ಮನುಷ್ಯನ ಮನೆ ಮುಂದೆ ನೆಟ್ಟಾಗಲೂ ಇಲ್ಲ.

ನಾನು ಕೂತಿದ್ದ ಜಾಗ ಸುಟ್ಟಂತಾಗಿ ಎದ್ದು ಅಂಗಳಕ್ಕೆ ಇಳಿದೆ.

"ನಂಗೆ ತುಂಬಾ ನಾಚಿಕೆ ಆಗ್ತಿದೆ. ನಾಳೆನೇ ಒಡೆಸ್ಬಿಡ್ತೀನಿ. ಪೂರ್ತಿ ಜಗಲಿನೇ ತೆಗೆಸ್ತೀನಿ," ಎಂದೆ.

ಸಿಡಿದವಳು ಇಂದು. "ಕಟ್ಟೋದನ್ನೂ ನೀವೇ ತೀರ್ಮಾನ ಮಾಡಿದ್ರಿ, ಒಡೆಯೋದನ್ನೂ ನೀವೇ ತೀರ್ಮಾನ ಮಾಡ್ತೀರಾ? ಇದು ನಮ್ಮನೆ ಕಣ್ರೀ ಮೇಡಂ."



"ಒಡದ್ರೆ ನಿಮ್ಗೆ ಸಮಾಧಾನ, ನಮ್ಗೆ ಧೂಳು," ಎಂದರು ಸಣ್ಣಯ್ಯ. "ಜಗ್ಲಿ ಇರ್ಲಿ. ಮೊಮ್ಮಗ್ಳು ಅಲ್ಲೇ ಓದ್ಕಂತದೆ. ಕಂಬ ತಗಂಡೋಗಿ, ಸಾಕು. ಅವು ಕಂಡ್ರೆ ಕಾಲು ತಾನಾಗೇ ಸಂದಿ ಕಡೆ ತಿರುಗ್ತವೆ, ನಾನೇನ್ ಮಾಡ್ಲಿ?" ನನ್ನ ಕಡೆ ತಿರುಗಿ ಹೇಳಿದರು: "ಆವಾಗ ನೀವು ಮಗ, ನಿಮ್ದೇನೂ ತಪ್ಪಿಲ್ಲ. ಈಗ ಮಗ ಅಲ್ವಲ್ಲ. ಬರೆಯೋಕೆ ಮುಂಚೆ ಯಾರನ್ನಾದ್ರೂ ಒಂದು ಮಾತು ಕೇಳ್ಬೋದಿತ್ತು."

ಮನೆಗೆ ಬಂದು ನಮ್ಮಪ್ಪ ಚನ್ನಬಸವಯ್ಯನವರಿಗೆ ಹೇಳಿದೆ. ಅವರು ಪೇಪರಿನಿಂದ ಕಣ್ಣೆತ್ತದೆ, "ಯಾವ ಸಣ್ಣ? ಕಾಯಿ ಸುಲಿಯೋನಾ? ಆಗ ಎಲ್ಲಾ ಕಡೆ ಹಂಗೇ ಇತ್ತು ಬಿಡು," ಎಂದರು. ಅವರ ಮೇಲೆ ಕೂಗಾಡಿದೆ. ಕೂಗಾಡುತ್ತಿದ್ದಂತೆ ಇದೂ ಒಂದು ನಾಟಕ ಎನಿಸಿತು. ಅವರು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ, ಅಷ್ಟೇ. ನಾನು ಅದನ್ನು ಚಂದ ಮಾಡಿ ಚೌಕಟ್ಟು ಹಾಕಿಸಿದ್ದೆ.

ಪ್ರಶಸ್ತಿಯವರಿಗೆ ಪತ್ರ ಬರೆಯಲು ಕೂತೆ. ಮೊದಲ ಪತ್ರದಲ್ಲಿ ಎಲ್ಲ ಬರೆದೆ, ಅಳಿಸಿದೆ. ಎರಡನೆಯದರಲ್ಲಿ 'ಊರಿನವರೆಲ್ಲ' ಎಂಬುದನ್ನು 'ಊರಿನ ಕೆಲವರು' ಎಂದು ತಿದ್ದಿಕೊಳ್ಳಿ ಎಂದು ಬರೆದೆ, ಅದನ್ನೂ ಅಳಿಸಿದೆ. ಕೊನೆಗೆ ತಾಂತ್ರಿಕ ಕಾರಣದಿಂದ ಮನೆಯನ್ನು ಸ್ಪರ್ಧೆಯಿಂದ ಹಿಂದಕ್ಕೆ ಪಡೆಯುತ್ತಿದ್ದೇನೆ ಎಂದು ಕಳಿಸಿದೆ. ಅದೂ ಸುಳ್ಳೇ. ನಿಜ ಹೇಳುವ ಧೈರ್ಯ ಆ ದಿನವೂ ನನಗಿರಲಿಲ್ಲ.

ಕಂಬ ತೆಗೆಯುವ ಕೆಲಸಕ್ಕೆ ಮುಂದಿನ ವಾರ ಹೋದೆವು. ಸೂರಿಗೆ ಜಾಕಿ ಕೊಟ್ಟು ನಿಲ್ಲಿಸಿ, ಹಲಸಿನ ಕಂಬ ಬಿಡಿಸಿ, ಆ ಜಾಗಕ್ಕೆ ಸಾದಾ ಕಬ್ಬಿಣದ ಕಂಬ ಕೊಡಬೇಕಿತ್ತು. ಇಡೀ ದಿನದ ಕೆಲಸ. ಭೀಮರಾಜ್ ಇದ್ದರು, ನನ್ನೊಡನೆ ಒಂದು ಮಾತೂ ಆಡಲಿಲ್ಲ. ಅಪ್ಪ ಹದಿನೆಂಟು ವರ್ಷ ಎಲ್ಲಿ ನಿಂತಿದ್ದರು ಎಂದು ಹಾಸ್ಟೆಲಿನಲ್ಲೇ ಬೆಳೆದ ಮಗನಿಗೂ ಗೊತ್ತಾದದ್ದು ಆ ವಾರವೇ. ನಾನು ನೆರಳಿಗೆ ಹೋಗದೆ ಹುಡುಗರ ಜೊತೆ ಹಗ್ಗ ಹಿಡಿದೆ. ಕೈ ಕಿತ್ತುಹೋಗಲಿ ಎಂಬ ಹಾಗೆ ಹಿಡಿದೆ.

ನಾಲ್ಕು ಗಂಟೆಗೆ ಕಂಬಗಳು ಲಾರಿ ಸೇರಿದವು. ಸಣ್ಣಯ್ಯ ಕಲ್ಲಿನ ಮೇಲಿಂದ ಎದ್ದು, ಪಂಚೆ ಕೊಡವಿಕೊಂಡು, ಸಂದಿಯ ಕಡೆ ಹೋಗದೆ ನೇರ ಮೂರು ಮೆಟ್ಟಿಲು ಹತ್ತಿದರು. ಕಂಬಿ ಹಿಡಿಯಲಿಲ್ಲ. ಜಗಲಿಯ ಮೇಲೆ ಮೊಮ್ಮಗಳ ಪುಸ್ತಕದ ಚೀಲ ಸರಿಸಿ, ಗೋಡೆಗೆ ಒರಗಿ ಕೂತರು. ಭೀಮರಾಜ್ ತಟ್ಟನೆ ಒಳಗೆ ಹೋಗಿಬಿಟ್ಟರು.

ನನ್ನ ಗಂಟಲು ಒಣಗಿತ್ತು. ಕೆಳಗೆ ಅಂಗಳದಲ್ಲಿ, ಕಂಬ ಇದ್ದ ಜಾಗದ ಎದುರಿಗೇ ನಿಂತಿದ್ದೆ. "ಇಂದು, ಸ್ವಲ್ಪ ನೀರು," ಎಂದೆ. ಎಂದ ಮೇಲೆ ನಾನೆಲ್ಲಿ ನಿಂತಿದ್ದೇನೆಂದು ಅರಿವಾಯಿತು.

ಇಂದು ಚೊಂಬು ಲೋಟ ತಂದಳು. ಸಣ್ಣಯ್ಯ ಎದ್ದು ಅವಳ ಕೈಯಿಂದ ತೆಗೆದುಕೊಂಡರು. ಅವರು ಮೇಲೆ, ನಾನು ಕೆಳಗೆ. ಅವರು ಹೊಯ್ದರೆ ಬೊಗಸೆ ಒಡ್ಡಲು ನಾನು ಸಿದ್ಧಳಿದ್ದೆ. ನಿಜ ಹೇಳುತ್ತೇನೆ, ಹಾಗೆ ಮಾಡಲಿ ಎಂದು ಆಸೆಪಟ್ಟೆ. ನನಗೆಷ್ಟೋ ಹಗುರಾಗುತ್ತಿತ್ತು.

ಅವರು ನನಗೆ ಆ ಉಪಕಾರ ಮಾಡಲಿಲ್ಲ. ಲೋಟ ತುಂಬಿಸಿಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದು ನನ್ನ ಕೈಗೆ ಕೊಟ್ಟರು. "ನಿಧಾನಕ್ಕೆ ಕುಡೀರಿ, ನೆತ್ತಿಗೆ ಹತ್ತುತ್ತೆ," ಎಂದರು. ನಾನು ಕುಡಿಯುವವರೆಗೆ ಎದುರಿಗೇ ನಿಂತಿದ್ದು, ಖಾಲಿ ಲೋಟ ತೆಗೆದುಕೊಂಡು ಮತ್ತೆ ಮೇಲೆ ಹೋಗಿ ಕೂತರು. ನಮ್ಮಜ್ಜನ ಮನೆಯಲ್ಲಿ ಹೀಗೆ ನೀರು ಹಿಡಿದು ಮೂರು ಮೆಟ್ಟಿಲು ಇಳಿಯಲು ನಮಗೆ ಯಾರಿಗೂ ಒಂದು ದಿನವೂ ಆಗಿರಲಿಲ್ಲ.