ತಬಸ್ಸುಮಳ ಗಂಟಲು

ನಾನು ಸುನಂದಾ, ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯ ಶಿಕ್ಷಕಿ. ಬಾಯಿ ಜೋರು ಅಂತ ಊರಲ್ಲೆಲ್ಲ ಹೆಸರು. ಶಾಲೆಯ ಗೇಟಿಗೆ ಅಡ್ಡ ಟ್ರ್ಯಾಕ್ಟರ್ ನಿಲ್ಲಿಸಿದವನ ಕೀಲಿ ಕಸಿದುಕೊಂಡು ಮಧ್ಯಾಹ್ನದವರೆಗೆ ಕೊಡದವಳು ನಾನು. ಇಂಥವಳು ಒಂದು ಫೋನಿಗೆ ಮೆತ್ತಗಾದೆ.

ಮುಂಜಾನೆಯ ಪ್ರಾರ್ಥನೆ ನನ್ನ ಜವಾಬ್ದಾರಿ. ನಾಡಗೀತೆ ಮುಗಿದ ಮೇಲೆ ಒಂದು ವಚನ ಹಾಡಿಸುವುದು ನಮ್ಮಲ್ಲಿ ರೂಢಿ. ಎರಡು ವರ್ಷದಿಂದ ಅದನ್ನು ಹಾಡುತ್ತಿದ್ದವಳು ಏಳನೇ ತರಗತಿಯ ತಬಸ್ಸುಮ. ಅವಳು ದನಿ ಎತ್ತಿದರೆ ಒಂದನೇ ತರಗತಿಯ ಕೋತಿಗಳೂ ಕಚ್ಚಾಡುವುದು ಬಿಟ್ಟು ನೆಟ್ಟಗೆ ನಿಲ್ಲುತ್ತಿದ್ದವು.

ಸೋಮವಾರ ಶಾಲಾ ಸಮಿತಿಯ ಅಧ್ಯಕ್ಷ ಸಂಜೀವಕುಮಾರ ಫೋನ್ ಮಾಡಿದ.

"ಅಕ್ಕೋರ, ಗುರುವಾರ ಸಾಲಿ ನೋಡಾಕ ಬಾಗೇವಾಡಿಯಿಂದ ಸಾಹೇಬ್ರು ಬರಾಕತ್ತಾರ. ವಚನಾ ಹಾಡಾಕ ಯಾರನ್ನ ನಿಲ್ಲಸ್ತೀರಿ?"

"ಯಾರನ್ನ ಅಂದ್ರ? ತಬಸ್ಸುಮನ್ನ."

"ಹುಡಿಗಿ ಚಲೋ ಹಾಡ್ತಾಳ, ಇಲ್ಲ ಅನ್ನಂಗಿಲ್ಲ. ಆದ್ರ ವಚನಾ ನೋಡ್ರಿ... ಅವತ್ತೊಂದಿನ ನಮ್ಮ ಹುಡುಗರು ಯಾರರೆ ಹಾಡ್ಲಿ."

ನಮ್ಮ ಹುಡುಗರಂತೆ! ಹಾಗಾದರೆ ಇವಳು ಯಾರ ಹುಡುಗಿಯೋ ಅಂತ ಕೇಳಬೇಕಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು. "ಆತ್ರಿ" ಅಂದುಬಿಟ್ಟೆ. ಸುಮ್ಮನೆ ಯಾಕೆ ಊರ ಜಗಳ ಅಂದುಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು!

ಮರುದಿನ ಹುಡುಗಿಗೆ ನಿಜ ಹೇಳುವ ಧೈರ್ಯವೂ ಬರಲಿಲ್ಲ. "ನಿನ್ನ ಗಂಟಲು ಯಾಕೋ ಒಡದಂಗ ಕೇಳಸ್ತೈತಿ. ಈ ವಾರ ರಾಜಶ್ರೀ ಹಾಡ್ಲಿ, ನೀ ಆರಾಮ ತಗೋ" ಅಂದೆ. ತಬಸ್ಸುಮ ಕುತ್ತಿಗೆ ಮುಟ್ಟಿ ನೋಡಿಕೊಂಡಳು. "ಹೌದ್ರಿ ಅಕ್ಕೋರ" ಅಂದಳು.

ಗುರುವಾರ ರಾಜಶ್ರೀ ಎರಡು ಸಾಲು ತಪ್ಪಿದಳು. ಸಾಹೇಬರು ಮೊಬೈಲ್ ನೋಡುತ್ತಿದ್ದರು. ಯಾರು ಹಾಡಿದ್ದರೂ ಅವರಿಗೆ ಅಷ್ಟೇ ಆಗುತ್ತಿತ್ತು. ಸಾಲಿನಲ್ಲಿ ನಿಂತ ತಬಸ್ಸುಮ ತುಟಿ ಕೂಡ ಅಲುಗಿಸಲಿಲ್ಲ. ಸಿಟ್ಟಾಗಿದ್ದಾಳೆ ಅಂದುಕೊಂಡೆ.

ಶನಿವಾರ ಶಾಲೆ ಬಿಟ್ಟ ಮೇಲೆ ಅವಳ ಅಜ್ಜಿ ಶಮಶಾದಬಿ ಅವಳ ಕೈ ಹಿಡಿದುಕೊಂಡು ಬಂದರು.

"ನಾಕು ದಿನಾ ಆತ್ರಿ, ಈಕಿ ಒಂದು ಮಾತೂ ಆಡವಲ್ಲಳು. ಗಂಟಲಿಗೆ ಆರಾಮ ಬೇಕಂತ. ಜೇಷ್ಠಮಧು ಕುದಿಸಿ ಕೊಟ್ಟೇನಿ, ಉಪ್ಪುನೀರು ಮುಕ್ಕಳಿಸ್ಯಾಳ. ಏನರೆ ಬೇಕಂದ್ರ ಬರದು ತೋರಸ್ತಾಳ."

ತಬಸ್ಸುಮ ನೋಟ್‌ಬುಕ್ ತೆರೆದು ನನ್ನ ಮುಂದೆ ಹಿಡಿದಳು. ದುಂಡನೆಯ ಅಕ್ಷರ: "ಸೋಮವಾರ ನಾನು ಹಾಡಲೇನ್ರಿ ಅಕ್ಕೋರ?"

ಅಜ್ಜಿಯನ್ನು ಬಾಗಿಲ ಆಚೆ ಕರೆದೆ.

"ಆಕಿ ಗಂಟಲಿಗೆ ಏನೂ ಆಗಿಲ್ಲರಿ. ನಾನ..."

"ಗೊತ್ತೈತ್ರಿ." ಮುದುಕಿ ದನಿ ತಗ್ಗಿಸಿದರು. "ಊರಾಗ ಮಾತು ಮುಚ್ಚಿಡಾಕ ಆಗತೈತೇನ್ರಿ? ಆಕಿಗೆ ಮಾತ್ರ ಹೇಳಬ್ಯಾಡ್ರಿ. ಗಂಟಲು ಕೆಟ್ಟೈತಿ ಅಂತ ನಂಬ್ಯಾಳ, ಹಂಗ ಇರ್ಲಿ. ಗಂಟಲಾದ್ರ ವಾಸಿ ಆಗತೈತಿ."

ಒಳಗೆ ಬಂದೆ. ತಬಸ್ಸುಮ ಕತ್ತೆತ್ತಿ, ಪರೀಕ್ಷೆ ಮಾಡ್ರಿ ಅನ್ನುವ ಹಾಗೆ ದೊಡ್ಡದಾಗಿ ಬಾಯಿ ತೆರೆದು ನಿಂತಳು. ಬಗ್ಗಿ ನೋಡಿದೆ, ದೊಡ್ಡ ಡಾಕ್ಟರ ಹಾಗೆ.

"ಆರಾಮ ಆಗೇತಿ. ಸೋಮವಾರ ನೀನ ಹಾಡು" ಅಂದೆ.

ನಾಲ್ಕು ದಿನದ ಮೇಲೆ ಹುಡುಗಿ ಮೊದಲ ಸಲ ಬಾಯಿಬಿಟ್ಟು ಮಾತಾಡಿದಳು.

"ನೀವು ಹೇಳಿದ್ದು ಚಲೋ ಆತ್ರಿ ಅಕ್ಕೋರ. ಇಲ್ಲಂದ್ರ ಗಂಟಲು ಕೆಟ್ಟಿದ್ದು ನನಗ ತಿಳೀತಾನ ಇದ್ದಿಲ್ಲ."