ಕೊನೆಯಿಲ್ಲದ ಹಾಡುಗಳ ಮಾವ

ಕೇಳುವವರ ಕಿವಿಯೂ ಹೇಳುವವರ ನಾಲಿಗೆಯೂ ಈಗಿನದಕ್ಕಿಂತ ಒಂದು ಗೇಣು ಉದ್ದವಿದ್ದ ಕಾಲ. ಆಗ ಒಬ್ಬ ರಾಜನಿದ್ದನಂತೆ. ಪರದೆಯ ಮುಂದಿನ ಮೂರು ಹಲಗೆಯಗಲ ಅವನ ರಾಜ್ಯ. ಕಿರೀಟ ರಟ್ಟಿನದು. ಪ್ರಜೆಗಳು ಮಾತ್ರ ದಿನವೂ ಟಿಕೆಟ್ ಕೊಂಡು ಬರುತ್ತಿದ್ದರು.

ಅಜ್ಜಿ ಹೀಗೆ ಶುರುಮಾಡಿದರೆ ನನಗೆ ಗೊತ್ತಾಗಿಬಿಡುತ್ತಿತ್ತು, ಇದು ಅವಳ ಮಗನ, ಅಂದರೆ ನನ್ನ ಸೋದರಮಾವನ ಕಥೆ.

ಅಜ್ಜಿ ನಾಟಕ ಕಂಪನಿಯಲ್ಲಿ ವೇಷದ ಬಟ್ಟೆ ಹೊಲಿಯುತ್ತಿದ್ದಳು. ಮಾವನಿಗೆ ಅಲ್ಲಿ ಸಿಕ್ಕ ಮೊದಲ ಕೆಲಸವೆಂದರೆ, ಪರದೆಯ ಹಿಂದೆ ಅರಮನೆ ತೆಗೆದು ಕಾಡು ನಿಲ್ಲಿಸುವವರೆಗೆ ಜನ ಎದ್ದುಹೋಗದಂತೆ ನೋಡಿಕೊಳ್ಳುವುದು. ಅಕಾರ್ಡಿಯನ್ ಹೆಗಲಿಗೇರಿಸಿ ತಾನೇ ಕಟ್ಟಿದ ಹಾಡು ಹಾಡುತ್ತ, ನಡುನಡುವೆ ಮುಂದಿನ ಸಾಲಿನ ಬೋಳುತಲೆಗಳನ್ನು ಮಾತಾಡಿಸುತ್ತಿದ್ದ. ಕಾಡು ಸಿದ್ಧವಾಯಿತೋ, ಒಳಗಿನಿಂದ ಗಂಟೆ. ಪದದ ಅರ್ಧಕ್ಕೇ ನಿಲ್ಲಿಸಿ, ಬಾಗಿ, ಓಟ. ಗಂಟೆ ಯಾವಾಗ ಬರುವುದೋ ತಿಳಿಯದ್ದರಿಂದ ಹಾಡುಗಳಿಗೆ ಕೊನೆಯನ್ನೇ ಬರೆಯಲಿಲ್ಲ. "ಯಾರೂ ಕೇಳದ ಕೊನೆಗೆ ಮಸಿ ಯಾಕೆ ದಂಡ?" ಎನ್ನುತ್ತಿದ್ದ.

ಆ ಅರ್ಧ ಹಾಡುಗಳೇ ಅವನನ್ನು ಎಲ್ಲೆಲ್ಲಿಗೋ ಕರೆದೊಯ್ದವು. ರೇಡಿಯೊಗೆ ನಗೆನಾಟಕ ಬರೆದ, ವಾರಪತ್ರಿಕೆಗೆ ಅಂಕಣ ಬರೆದ. ಮಕ್ಕಳ ಚಿತ್ರವೊಂದರಲ್ಲಿ ಕತ್ತೆಗೆ ದನಿ ಕೊಟ್ಟ ಮೇಲೆ ಬೀದಿಯ ಮಕ್ಕಳು ಮನೆಗೆ ಕ್ಯಾರೆಟ್ ತಂದುಕೊಟ್ಟರು. ಸಿನಿಮಾಗಳಲ್ಲಿ ಹನ್ನೊಂದು ಸಲ ಮೆಟ್ಟಿಲಿಂದ ಉರುಳಿದ್ದಾನೆ. ಒಂದು ಸಲ ಬಿದ್ದಂತೆ ಇನ್ನೊಂದು ಸಲ ಬಿದ್ದಿಲ್ಲ! ಶಾಲೆಯಲ್ಲಿ ನಾನು "ಅವ್ರು ನಮ್ಮ ಮಾವ" ಎಂದು ಹೇಳಿಕೊಳ್ಳದ ದಿನವೇ ಇರಲಿಲ್ಲ.

ಆದರೆ ನನ್ನ ಅಮ್ಮನ ಮದುವೆಯ ದಿನ ಎಡವಟ್ಟಾಗಿತ್ತಂತೆ. ತಂಗಿಗಾಗಿ ಹಾಡುತ್ತಿದ್ದವನು, ಬೀದಿಯಲ್ಲಿ ಯಾರದೋ ಸೈಕಲ್ ಗಂಟೆ ಟ್ರಿಣ್ ಎಂದದ್ದೇ ತಡ, ಪದ ನುಂಗಿ, ಬಾಗಿ, ಓಡಿಯೇಬಿಟ್ಟ. ಅಡುಗೆಮನೆ ಹೊಕ್ಕ ಮೇಲೆಯೇ ಎಚ್ಚರ. ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಜ್ಜಿ ನಗಲಿಲ್ಲ.

"ಊರಿಗೆಲ್ಲ ಅರ್ಧರ್ಧ ಕೊಡು, ನಂದೇನೂ ತಕರಾರಿಲ್ಲ. ನನಗೆ ಒಂದೇ ಒಂದು ಪೂರ್ತಿ ಹಾಡು ಬೇಕು ಕಣೋ. ನನ್ನೆದುರಿಗೇ ಹಾಡಿ ಮುಗಿಸ್ಬೇಕು."

"ಆಯ್ತಮ್ಮ, ಮಾತು ಕೊಟ್ಟೆ."

"ಮಾತಾದ್ರೂ ಪೂರ್ತಿ ಕೊಟ್ಯೋ, ಅದೂ ಅರ್ಧಾನೋ?"

ಇಪ್ಪತ್ತಾರು ವರ್ಷ ಕಳೆಯಿತು. ಅಜ್ಜಿಯ ಎಡಗಿವಿ ಪೂರ್ತಿ ಹೋಯಿತು, ಬಲಗಿವಿ ಮಂದವಾಗತೊಡಗಿತು. ಮಾವ ಬರೆದ, ಹರಿದ, ಮತ್ತೆ ಬರೆದ. "ನಗ್ಸೋದು ಸುಲಭ ಕಣೆ ಪುಟ್ಟಿ. ಓಡ್ದೆ ನಿಲ್ಲೋದಿದ್ಯಲ್ಲ, ಅದೇ ಕಷ್ಟ" ಎಂದ ನನ್ನ ಬಳಿ. "ಅವಳ ಆ ಕಿವೀನೂ ಹೋಗೋದ್ರೊಳಗೆ ಆಗ್ಬೇಕು."

ಕಳೆದ ಭಾನುವಾರ ಮಧ್ಯಾಹ್ನ ಹಳೆಯ ರಂಗಮಂದಿರದಲ್ಲಿ ಮಾವನ ಕಾರ್ಯಕ್ರಮ. ಕುರ್ಚಿಯೊಂದೂ ಖಾಲಿಯಿಲ್ಲ. ಅಜ್ಜಿಯನ್ನು ಮೊದಲ ಸಾಲಿನಲ್ಲಿ, ಬಲಗಿವಿ ವೇದಿಕೆಯ ಕಡೆ ಬರುವಂತೆ ಕೂರಿಸಿದ್ದೆ. ಒಂದೂವರೆ ಗಂಟೆ ನಗಿಸಿ ನಗಿಸಿ ಸುಸ್ತುಮಾಡಿದ ಮಾವ, ಆಮೇಲೆ ಅಕಾರ್ಡಿಯನ್ ಎತ್ತಿಕೊಂಡ.

"ಸೂಜಿಯ ಕಣ್ಣಿಂದ ಲೋಕವ ಕಂಡವಳೇ,
ಚಿಂದಿಯ ರಾಜಗೆ ಮಾನವ ಕೊಟ್ಟವಳೇ,
ನನ್ನ ಹುಚ್ಚಾಟಕೆ ಅಂಚು ಕಟ್ಟಿದವಳೇ..."

ಉಸಿರೆಳೆಯಲು ನಿಂತ. ಅವನ ಪದ್ಧತಿ ಬಲ್ಲ ಜನ ಇಷ್ಟೇ ಎಂದುಕೊಂಡು ಎದ್ದುನಿಂತು ಚಪ್ಪಾಳೆ ತಟ್ಟಿದರು. ಮಾವನ ಸೊಂಟ ತಾನಾಗಿಯೇ ಬಾಗತೊಡಗಿತು.

ಅಜ್ಜಿ ಎದ್ದಳು. ಹಿಂದೆ ತಿರುಗಿ, "ಏ, ಸುಮ್ನೆ ಕೂತ್ಕೊಳ್ರಪ್ಪ! ನನ್ನ ಮಗಂದು ಇನ್ನೂ ಮುಗ್ದಿಲ್ಲ!" ಎಂದು ಗದರಿದಳು.

ಸಭೆ ಬಿದ್ದುಬಿದ್ದು ನಕ್ಕಿತು. ಮಾವ ಬೆನ್ನು ನೆಟ್ಟಗೆ ಮಾಡಿದ. ನಗು ಏರಿ, ಇಳಿದು, ಕೊನೆಯ ಕೆಮ್ಮೂ ಅಡಗುವವರೆಗೆ ಕಾಯುವುದು ನಲವತ್ತು ವರ್ಷದಿಂದ ಅವನಿಗೆ ಕರತಲಾಮಲಕ. ಕಾದ. ಓಡಲಿಲ್ಲ. ವೇದಿಕೆಯ ಅಂಚಿಗೆ ಬಂದು, ಅಜ್ಜಿಯ ಬಲಗಿವಿಯ ನೇರಕ್ಕೆ ಮಂಡಿಯೂರಿ, ನಾಲ್ಕನೆಯ ಸಾಲು ಹಾಡಿದ:

"ನೀ ಕೇಳು, ನಾನಿಲ್ಲೇ ನಿಂತಿರುವೆ, ತಾಯೇ."

ಕೊನೆಯ ಸ್ವರವನ್ನು ಅಕಾರ್ಡಿಯನ್ನಿನ ಗಾಳಿ ತೀರುವವರೆಗೆ ಹಿಡಿದ. ಆಮೇಲೆ ಬಿಟ್ಟ.

ಹಾಡು ಮುಗಿಯಿತು.